ತೊರೆಯಜ್ಜಿಯ ಕೆನ್ನೆ

ಬೆಟ್ಟದ ಮೇಲಿಂದ
ಜನವರಿ 9

ಪೆನ್ಸಿಲ್ಲು ತಮ್ಮಾ,

ಈ ಡಬ್ಬಿಯನ್ನು ಡಾರ್ಕ್ ರೂಮಿನಲ್ಲೇ ಬಿಚ್ಚು. ಸ್ಟುಡಿಯೋ ನಡೆಸುವವನಿಗೆ ಇದನ್ನೂ ಹೇಳಬೇಕೇ ಅಂತ ಮೂಗು ಮುರಿಯುತ್ತೀಯ, ಗೊತ್ತು. ಮುರಿದುಕೋ. ಒಳಗಿರುವುದು ಈ ಬೆಟ್ಟದ ಜನರ ಮುಖಗಳು. ಅಪ್ಪನ ಮರದ ಕ್ಯಾಮೆರಾದಲ್ಲಿ, ಅಂಗೈಯಗಲದ ಫಿಲ್ಮಿನಲ್ಲಿ, ಒಬ್ಬೊಬ್ಬರಿಗೆ ಒಂದೊಂದರಂತೆ ತೆಗೆದದ್ದು. ಇಷ್ಟು ವರ್ಷ ನನ್ನ ಫಿಲ್ಮ್ ತೊಳೆದು ಪ್ರಿಂಟ್ ಹಾಕುತ್ತಿದ್ದ ಪೇಟೆಯ ಲ್ಯಾಬಿನವರು ವಯಸ್ಸಾಯಿತೆಂದು ಅಂಗಡಿ ಮುಚ್ಚಿದರು. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಕಸುಬು ಹಿಡಿದು, ನನ್ನ ಕೆಲಸ ನಿನ್ನ ಕೈಗೆ ಬರುತ್ತಿರುವುದು ಮಾತ್ರ ಇದೇ ಮೊದಲು.

ಇಲ್ಲಿಯವರಿಗೂ ನನಗೂ ಇರುವ ಒಪ್ಪಂದ ನಿನಗೆ ಗೊತ್ತಿರಲಿ. ನಾನು ಮೊದಲ ಸಲ ಬಂದಾಗ ಊರಿನ ಹಿರಿಯ ಕ್ಯಾಮೆರಾವನ್ನು ಒಂದು ಸುತ್ತು ಹಾಕಿ ನೋಡಿ, "ನಮ್ಮ ಮುಖ ನಿನ್ನ ಹತ್ರ ಇರುತ್ತೆ ಅಂದ್ರೆ ನಿನ್ನ ಮುಖ ನಮ್ಮ ಹತ್ರ ಇರ್ಬೇಕು" ಅಂದ. ಅದಕ್ಕೇ ಇವರು ಸೇರುವ ಚಾವಡಿಯಲ್ಲಿ ನನ್ನ ಫೋಟೋ ತೂಗುಹಾಕಿದೆ. ಹೊಗೆ ಹಿಡಿದು ಈಗ ಅರ್ಧವೇ ಕಾಣುತ್ತೇನೆ. ಇನ್ನೊಂದು, ಯಾರ ಚಿತ್ರವಾದರೂ ಮೊದಲು ಅವರ ಕೈಗೆ ಹೋಗಬೇಕು. ಅವರು ನೋಡಿ ಹೂಂ ಅಂದ ಮೇಲೆಯೇ ಅದು ಹೊರಗಿನವರಿಗಾಗಿ ಬೆಟ್ಟ ಇಳಿಯುವುದು.

ನಿಮ್ಮ ಊರಿನಲ್ಲಿ ಈ ಚಿತ್ರಗಳ ಪ್ರದರ್ಶನ ನಡೆಸುತ್ತೇವೆಂದು ಒಂದು ಸಂಸ್ಥೆಯವರು ಒಪ್ಪಿದ್ದಾರೆ. ಅದು ನಡೆದರೆ ಇಲ್ಲಿ ಒಂದು ಕೋಣೆ ಕಟ್ಟಿಸಿ, ದಾದಿಯೊಬ್ಬಳನ್ನು ಇಲ್ಲೇ ಇರಿಸುವ ಹೊಣೆ ಅವರದು. ಈಗ ಬಸುರಿಯರಿಗೆ ನೋವು ಬಂದರೆ ಕಂಬಳಿಗೆ ಕೋಲು ಕಟ್ಟಿ ಹೊತ್ತುಕೊಂಡು ಇಳಿಯುತ್ತಾರೆ. ಕಳೆದ ಮಳೆಗಾಲದಲ್ಲಿ ಹಾಗೆ ಇಳಿದವಳೊಬ್ಬಳು ವಾಪಸ್ ಬರಲಿಲ್ಲ. ನನಗೆ ಜ್ವರ ಬಂದು ಮಲಗಿದ್ದಾಗ ಸರದಿಯ ಮೇಲೆ ಪಕ್ಕದಲ್ಲಿ ಕೂತವರಲ್ಲಿ ಅವಳೂ ಒಬ್ಬಳು. ಇವರು ನನಗೆ ಮಾಡಿದ್ದಕ್ಕೆ ನಾನು ಏನಾದರೂ ತಿರುಗಿ ಮಾಡಲು ಸಾಧ್ಯವಿದ್ದರೆ ಅದು ಆ ಕೋಣೆ.

ಪ್ರದರ್ಶನದ ಬಾಗಿಲಲ್ಲೇ ಇರಬೇಕೆಂದು ನಾನು ಆರಿಸಿಕೊಂಡದ್ದು ತೊರೆಯಜ್ಜಿಯ ಚಿತ್ರ. ತೊರೆಯ ಪಕ್ಕದ ಮನೆಯವಳು, ಎಲ್ಲರಿಗಿಂತ ಹಿರಿಯಳು. ಎಡಗೆನ್ನೆಯ ತುಂಬ ಸುಟ್ಟ ಕಲೆ, ಬಿಸಿಲು ಬಿದ್ದರೆ ಹೊಳೆಯುತ್ತದೆ. ವರ್ಷಗಟ್ಟಲೆ ಬೇಡವೆಂದವಳು ಈ ಸಲ ತಾನಾಗಿಯೇ ಬಂದು ಕೂತಳು. "ಒಂದೇ ಸಲ. ಮತ್ತೆ ಕೇಳ್ಬೇಡ" ಅಂದಳು. ನಾನು ತೆಗೆದದ್ದರಲ್ಲೆಲ್ಲ ಅದೇ ಒಳ್ಳೆಯ ಚಿತ್ರ ಅಂತ ಫಿಲ್ಮ್ ತೊಳೆಯುವ ಮೊದಲೇ ಹೇಳುತ್ತಿದ್ದೇನೆ.

ಹೆಚ್ಚು ಹೇಳುವುದಿಲ್ಲ. ನಮ್ಮ ಮನೆಯವರ ಚಿತ್ರ ಅಂದುಕೊಂಡು ಮಾಡು.

ನಿನ್ನ ಅಕ್ಕ


ಸ್ಟುಡಿಯೋ
ಫೆಬ್ರವರಿ 4

ಅಕ್ಕ,

ಪ್ರಿಂಟುಗಳು ಈ ಪಾರ್ಸಲಿನಲ್ಲೇ ಇವೆ. ಮೊದಲು ಕಾಗದ ಓದು, ಆಮೇಲೆ ಲಕೋಟೆ ಬಿಚ್ಚು. ನಿನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು, ಈಗಾಗಲೇ ಬಿಚ್ಚಿರುತ್ತೀಯ.

ನೀನು "ನಮ್ಮ ಮನೆಯವರು ಅಂದುಕೊಂಡು ಮಾಡು" ಅಂತ ಬರೆದದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸ್ಟುಡಿಯೋದ ಮುಂಬಾಗಿಲು ಹಾಕಿ, ಅಪ್ಪನ ಇಳಿಜಾರು ಮೇಜನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಒಬ್ಬೊಬ್ಬರ ಜೊತೆ ಒಂದೊಂದು ದಿನ ಕೂತಿದ್ದೇನೆ. ನೆಗೆಟಿವ್ ತಿದ್ದುವ ಪೆನ್ಸಿಲ್ಲಿನ ಮೊನೆಯನ್ನು ಸೂಜಿಯ ಹಾಗೆ ಮಾಡಿಕೊಳ್ಳುವುದು ಮರೆತೇಹೋಗಿದೆ ಅಂದುಕೊಂಡಿದ್ದೆ. ಕೈ ಮರೆತಿಲ್ಲ. ಒಂದು ಚಿತ್ರಕ್ಕಂತೂ ಅಪ್ಪನ ಸಣ್ಣ ಚಾಕುವನ್ನೂ ತೆಗೆಯಬೇಕಾಯಿತು. ಉಸಿರು ಬಿಗಿಹಿಡಿದು ಕೆಲಸ ಮಾಡಿದೆ. ಅಪ್ಪ ಇದ್ದಿದ್ದರೆ ಕನ್ನಡಕ ಹಣೆಯ ಮೇಲೇರಿಸಿ, ಹತ್ತಿರದಿಂದ ನೋಡಿ, ಏನೂ ಹೇಳದೆ ಎದ್ದುಹೋಗುತ್ತಿದ್ದರು. ಅವರು ಏನೂ ಹೇಳದಿದ್ದರೆ ಅದೇ ಶಭಾಷ್‌ಗಿರಿ, ನಿನಗೂ ಗೊತ್ತು.

ನಿನ್ನ ಜನ ತುಂಬ ಕಷ್ಟಪಟ್ಟವರು ಅಂತ ಮುಖ ನೋಡಿದರೇ ತಿಳಿಯುತ್ತದೆ. ಬಿಸಿಲು, ಗಾಳಿ, ಗಾಯ. ಜೀವನದಲ್ಲಿ ಒಂದೇ ಒಂದು ಫೋಟೋ ಇರುವವರಿಗೆ ಆ ಒಂದಾದರೂ ಲಕ್ಷಣವಾಗಿರಲಿ ಅನ್ನಿಸಿತು. ಮದುಮಗಳಿಗೆ ಮಾಡುವುದಕ್ಕಿಂತ ಹೆಚ್ಚು ಮುತುವರ್ಜಿಯಿಂದ ಮಾಡಿದ್ದೇನೆ.

ಈ ಕೆಲಸ ನನಗೆ ಕಳಿಸಿದ್ದಕ್ಕೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ, ಅಕ್ಕ. ಸ್ಟುಡಿಯೋ ಚೆನ್ನಾಗಿ ನಡೆಯುತ್ತಿದೆ, ಚಿಂತೆ ಮಾಡಬೇಡ. ಅವರೆಲ್ಲ ನೋಡಿ ಏನಂದರು ಅಂತ ಕೂಡಲೇ ಬರಿ.

ತಮ್ಮ


ಬೆಟ್ಟದ ಮೇಲಿಂದ
ಫೆಬ್ರವರಿ 21

ಏನು ಮಾಡಿಬಿಟ್ಟೆಯೋ?

ನಾನು ಪ್ರಿಂಟುಗಳನ್ನು ಒಬ್ಬಳೇ ಮೊದಲು ನೋಡಬೇಕಿತ್ತು. ನೋಡಲಿಲ್ಲ. ನಿನ್ನ ಮೇಲಿನ ನಂಬಿಕೆಯಿಂದ ಎಲ್ಲರನ್ನೂ ಚಾವಡಿಗೆ ಕರೆದು, ಅವರ ಎದುರಿಗೇ ಲಕೋಟೆ ಬಿಚ್ಚಿದೆ. ಹಿರಿಯನ ಹಣೆಯ ಗೆರೆಗಳಿಲ್ಲ. ಮಗ್ಗದ ಹೆಂಗಸಿನ ಗಲ್ಲದ ಮಚ್ಚೆ ಇಲ್ಲ. ಜೇನು ಕೀಳುವವನಿಗೆ ಮುಂದಿನ ಹಲ್ಲು ಮುರಿದು ಎಷ್ಟೋ ವರ್ಷವಾಗಿದೆ, ಅವನ ಬಾಯಿಗೆ ನೀನು ಹಲ್ಲು ಕೂರಿಸಿದ್ದೀಯ! ಅವನನ್ನು ನೋಡಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಅಷ್ಟೇ ನಕ್ಕದ್ದು. ಮಗ್ಗದ ಹೆಂಗಸು ತನ್ನ ಚಿತ್ರವನ್ನು ಎರಡೂ ಕೈಯಲ್ಲಿ ನನಗೆ ವಾಪಸ್ ಕೊಟ್ಟು, "ಇದು ನಿಮ್ಮ ಊರಿನವರು ಯಾರದ್ದೋ ಇರ್ಬೇಕು, ನಮ್ಮ ಕಟ್ಟಲ್ಲಿ ಸೇರ್ಕೊಂಡಿದೆ" ಅಂದಳು. ಅಷ್ಟು ಮರ್ಯಾದೆಯಿಂದ ಹೇಳಿದಳು ನೋಡು, ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತೊರೆಯಜ್ಜಿ ಕೊನೆಗೆ ತೆಗೆದುಕೊಂಡಳು. ಚಿತ್ರವನ್ನು ಬೆಳಕಿಗೆ ಹಿಡಿದಳು. ಅದನ್ನು ಎದೆಗೆ ಒತ್ತಿಕೊಂಡು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಚಾವಡಿಯ ಕಡೆ ಬಂದಿಲ್ಲ. ನಾನು ಹೋಗಿ ಕರೆದರೆ ಒಳಗಿನಿಂದ "ಈಗ ಬೇಡ" ಅನ್ನುತ್ತಾಳೆ. ಹಿರಿಯ ನಿರ್ಧಾರ ಹೇಳಿಬಿಟ್ಟ: "ಅಜ್ಜಿ ಹೂಂ ಅನ್ನೋವರೆಗೆ ಯಾರ ಚಿತ್ರಾನೂ ಇಳಿಯೋದು ಬೇಡ." ಪ್ರದರ್ಶನವಿಲ್ಲದಿದ್ದರೆ ಕೋಣೆಯಿಲ್ಲ, ದಾದಿಯಿಲ್ಲ. ಇಷ್ಟು ವರ್ಷ ಕೂಡಿಸಿದ ನಂಬಿಕೆ ನಿನ್ನ ಪೆನ್ಸಿಲ್ಲಿನ ಮೊನೆಗೆ ಸಿಕ್ಕಿ ಹರಿಯಿತು.

ಅವರ ಮುಖ ಲಕ್ಷಣವಾಗಿಲ್ಲ ಅಂತ ನಿನಗೆ ಯಾರು ಹೇಳಿದರು? ಆದರೆ ನಿನ್ನನ್ನು ಕೇಳಿ ಏನು ಫಲ. ಸಿಡುಬಿನ ಕಲೆ ಇರುವ ನಿನ್ನ ಮುಖವನ್ನೇ ನೀನು ಒಂದು ಫೋಟೋದಲ್ಲೂ ಹಾಗೇ ಬಿಟ್ಟವನಲ್ಲ. ನಿನ್ನ ಮದುವೆ ಫೋಟೋದಲ್ಲಿ ಕೆನ್ನೆ ತೊಳೆದಿಟ್ಟ ತಟ್ಟೆಯ ಹಾಗಿದೆ.

ಪೆನ್ಸಿಲ್ ಗುರುತು ತೊಳೆದರೆ ಹೋಗುತ್ತದಲ್ಲವೇ? ಎಲ್ಲವನ್ನೂ ತೊಳೆದು ಮತ್ತೆ ಪ್ರಿಂಟ್ ಹಾಕಿ ಕಳಿಸು. ಅಜ್ಜಿಯದನ್ನು ಮೊದಲು.

ಅಕ್ಕ


ಸ್ಟುಡಿಯೋ
ಮಾರ್ಚ್ 12

ಅಕ್ಕನಿಗೆ,

ಪೆನ್ಸಿಲ್ ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ. ಒರೆಸಿದ್ದೇನೆ. ಎಲ್ಲರ ಹೊಸ ಪ್ರಿಂಟುಗಳನ್ನು ಇದರ ಜೊತೆ ಇಟ್ಟಿದ್ದೇನೆ.

ತೊರೆಯಜ್ಜಿಯದು ಇದರಲ್ಲಿಲ್ಲ. ಹೊಳೆಯುವ ಕಲೆ ನೆಗೆಟಿವ್‌ನಲ್ಲಿ ಕಪ್ಪಗೆ ದಟ್ಟವಾಗಿ ಕೂರುತ್ತದೆ, ಅದಕ್ಕೆ ಪೆನ್ಸಿಲ್ ನಡೆಯುವುದಿಲ್ಲ. ಚಾಕುವಿನಿಂದ ಕೆರೆದಿದ್ದೆ. ಕೆರೆದದ್ದು ಮತ್ತೆ ಬರುವುದಿಲ್ಲ.

ತಪ್ಪು ನನ್ನದು.

ತಮ್ಮ


ಮಾರ್ಚ್ 15

ಅತ್ತಿಗೆಯವರಿಗೆ ನಮಸ್ಕಾರ.

ಇವರ ಹೆಂಡತಿ ಬರೆಯುತ್ತಿದ್ದೇನೆ. ಈ ಕಾರ್ಡು ಹಾಕುತ್ತಿರುವುದು ಇವರಿಗೆ ಗೊತ್ತಿಲ್ಲ. ನೀವು ಹೇಳಿದ್ದು ಸರಿ ಇರಬಹುದು, ಆದರೆ ಆ ತಟ್ಟೆಯ ಮಾತು ಬರೆಯಬಾರದಿತ್ತು. ಇವರು ಕಾಗದ ಓದಿ ಕನ್ನಡಿಗೆ ಬಟ್ಟೆ ಹಾಕಿದರು. ಆಮೇಲೆ ನನ್ನ ಬೈಗುಳ ಕೇಳಿ ತೆಗೆದರು.

ಸ್ಟುಡಿಯೋ ಚೆನ್ನಾಗಿ ನಡೆಯುತ್ತಿದೆ ಅಂತ ನಿಮಗೆ ಬರೆದಿರುತ್ತಾರೆ. ಗುರುತಿನ ಕಾರ್ಡಿಗೆ ಅಂಟಿಸುವ ಸಣ್ಣ ಫೋಟೋ ಬಿಟ್ಟರೆ ಈಗ ಯಾರೂ ಬರುವುದಿಲ್ಲ. ಟಚಿಂಗ್ ಮಾಡಿಸುವವರು ಇಲ್ಲವೇ ಇಲ್ಲ. ಬೋರ್ಡು ಇಳಿಸುವುದೆಂದು ನಿಮ್ಮ ಡಬ್ಬಿ ಬರುವ ಮೊದಲೇ ತೀರ್ಮಾನವಾಗಿತ್ತು. ಆ ಚಿತ್ರಗಳನ್ನು ಮಾಡುವಾಗ ಇವರು ಒಳಗೆ ಕೂತು ಹಾಡು ಗುನುಗುತ್ತಿದ್ದರು. ಹಾಡು ಕೆಟ್ಟದಾಗಿತ್ತು, ಆದರೂ ಎಷ್ಟು ಕಾಲದ ಮೇಲೆ ಕೇಳಿದೆ. ಅದಕ್ಕೆ ನಿಮಗೆ ನಾನು ಋಣಿ. ಉಳಿದದ್ದು ಅಕ್ಕ ತಮ್ಮ ಸರಿಮಾಡಿಕೊಳ್ಳಿ.


ಬೆಟ್ಟದ ಮೇಲಿಂದ
ಏಪ್ರಿಲ್ 7

ನನ್ನ ತಮ್ಮ,

ಮೊದಲು ಆ ತಟ್ಟೆಯ ಮಾತು. ಕೋಪದಲ್ಲಿ ನಾಲಿಗೆ ಹರಿಯಬಿಟ್ಟೆ. ನಿನಗೆ ಸಿಡುಬಾಗಿದ್ದಾಗ ನನ್ನನ್ನು ಪಕ್ಕದ ಮನೆಗೆ ಕಳಿಸಿದ್ದರು. ನಾನು ಗೋಡೆಯಾಚೆ ನಿಂತು ನೀನು ಕೆಮ್ಮುವುದನ್ನು ಕೇಳಿಸಿಕೊಂಡು, ಇನ್ನೂ ಇದ್ದಾನೆ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಂಥವಳು ಆ ಮಾತು ಬರೆದೆ. ಮನಸ್ಸಿನಿಂದ ತೆಗೆದುಹಾಕು.

ಈಗ ಕೇಳು. ಮೊನ್ನೆ ಬೆಳಿಗ್ಗೆ ತೊರೆಯಜ್ಜಿ ತಾನೇ ಬಾಗಿಲು ತೆಗೆದು ನನ್ನನ್ನು ಕರೆದಳು. ಬೈಸಿಕೊಳ್ಳಲು ಸಿದ್ಧಳಾಗಿ ಹೋದೆ. ಒಲೆಯ ಪಕ್ಕದ ಗೋಡೆಯಲ್ಲಿ ನೀನು ಕೆರೆದ ಚಿತ್ರವಿತ್ತು. ತಲೆಯೆತ್ತಿ ನೋಡುವಷ್ಟು ಮೇಲೆ ಅಲ್ಲ, ಕೂತರೆ ಕಣ್ಣಿಗೆ ಕಣ್ಣು ಸರಿಯಾಗುವಷ್ಟು ಕೆಳಗೆ. ಅದರ ಮುಂದೆ ಚಾಪೆ ಹಾಸಿತ್ತು.

"ಈಚೆ ಕೂತ್ಕೋ. ಅವಳಿಗೆ ಅಡ್ಡ ಆಗ್ಬೇಡ" ಅಂದಳು.

"ಯಾರಿಗೆ ಅಜ್ಜಿ?"

"ನಮ್ಮಕ್ಕಂಗೆ."

ಅವಳಿಗೊಬ್ಬ ಅಕ್ಕ ಇದ್ದಳೆಂಬುದು ಇಷ್ಟು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ. ಅವಳಿಜವಳಿ. ಅಜ್ಜಿಗಿಂತ ಒಂದು ಗಳಿಗೆ ಮೊದಲು ಹುಟ್ಟಿದವಳು. ಹುಡುಗಿಯರಾಗಿದ್ದಾಗ ಮನೆಗೆ ಬೆಂಕಿ ಬಿತ್ತಂತೆ. "ಗೋಡೆ ಸಂದೀಲಿ ನನ್ನನ್ನ ತಳ್ಳಿ ಹೊರಗೆ ಹಾಕಿದ್ಲು. ಅವಳು ಬರ್ಲಿಲ್ಲ. ನಮ್ಮಿಬ್ರನ್ನ ನಮ್ಮವ್ವಾನೇ ಗುರುತು ಹಿಡೀತಿರ್ಲಿಲ್ಲ. ಅವತ್ತಿಂದ ನನಗೊಂದು ಗುರುತಾಯ್ತು." ಹಾಗಂದು ಎಡಗೆನ್ನೆ ಮುಟ್ಟಿಕೊಂಡಳು. ಆಮೇಲೆ ಚಿತ್ರದ ಕಡೆ ತಿರುಗಿ, "ಇಷ್ಟು ದಿನ ಅವಳು ನನ್ನ ಕನಸಲ್ಲಿ ಹುಡುಗಿಯಾಗೇ ಬರ್ತಿದ್ಲು. ನಾನೊಬ್ಳೇ ಮುದುಕಿ. ಈಗ ನೋಡು, ಎಷ್ಟು ಚೆನ್ನಾಗಿ ಮುದುಕಿ ಆಗಿದ್ದಾಳೆ" ಅಂದಳು.

ನಾನು ಸುಳ್ಳು ಇಟ್ಟುಕೊಳ್ಳಬಾರದೆಂದು ಹೇಳಿದೆ: "ಅಜ್ಜಿ, ಅದು ನಿಂದೇ ಮುಖ. ನನ್ನ ತಮ್ಮ ಕಲೆ ಕೆರೆದು ತೆಗೆದಿದ್ದಾನೆ."

"ನನಗೆ ಕಣ್ಣು ಮಂಜಾಗಿದೆ, ಬುದ್ಧಿ ಮಂಜಾಗಿಲ್ಲ. ನನ್ನ ಕೆನ್ನೆ ನನಗೆ ಗೊತ್ತಿಲ್ವಾ? ಕಲೆ ಇಲ್ದಿರೋ ನಾನು ಅಂದ್ರೆ ಅವಳೇ ತಾನೆ. ಅವನಿಗೆ ಅವಳು ಹೇಗೆ ಗೊತ್ತಾದ್ಲು, ಅದನ್ನ ಹೇಳು."

"ಅವನಿಗೆ ಗೊತ್ತಿರ್ಲಿಲ್ಲ ಅಜ್ಜಿ."

"ಗೊತ್ತಿಲ್ದೇನೇ ಇಷ್ಟು ಮಾಡಿದ್ನಾ?" ಅಂದು ಚಿತ್ರದ ಕೆನ್ನೆಯ ಮೇಲೆ ಬೆರಳಾಡಿಸಿದಳು. ಆಮೇಲೆ, "ಒಳ್ಳೆ ಕೈ. ಆ ಕೈ ಚೆನ್ನಾಗಿರ್ಲಿ" ಅಂದಳು. ಅಪ್ಪನಂತೆ ಎದ್ದುಹೋಗದೆ, ಬಾಯಿಬಿಟ್ಟು ಹೇಳಿದಳು ನೋಡು.

ಮತ್ತೆ ಬಾಗಿಲು ಯಾಕೆ ಹಾಕಿಕೊಂಡೆ, ನಮ್ಮ ಜೀವ ಯಾಕೆ ತಿಂದೆ ಅಂತ ಕೇಳಿದೆ. ನನ್ನನ್ನೇ ದಡ್ಡಿಯ ಹಾಗೆ ನೋಡಿದಳು. "ಒಂದು ಆಯುಷ್ಯದ ಮಾತು ಬಾಕಿ ಇತ್ತು. ನಿಮ್ಮನ್ನೆಲ್ಲ ಎದುರಿಗೆ ಕೂರಿಸ್ಕೊಂಡು ಆಡಕ್ಕಾಗುತ್ತಾ?"

ಆಮೇಲೆ ತಾನಾಗಿಯೇ, "ಕ್ಯಾಮೆರಾ ತಗೊಂಬಾ. ನಮ್ಮಿಬ್ರದ್ದೂ ಸೇರಿಸಿ ತೆಗಿ" ಅಂದಳು. ಒಂದೇ ಸಲ ಅಂದಿದ್ದವಳು! ಮನೆಯ ಮುಂದಿನ ಕಲ್ಲಿನ ಮೇಲೆ ಕೂತು, ಅಕ್ಕನ ಚಿತ್ರವನ್ನು ಭುಜಕ್ಕೆ ಒರಗಿಸಿಕೊಂಡು, ಸುಟ್ಟ ಕೆನ್ನೆಯನ್ನೇ ಬೆಳಕಿಗೆ ತಿರುಗಿಸಿದಳು. ಆ ಫಿಲ್ಮ್ ಇದರ ಜೊತೆಗಿದೆ. "ಇದು ಇಳೀಲಿ. ನಾವಿಬ್ರೂ ಪೇಟೆ ನೋಡಿಲ್ಲ" ಅಂದಳು. ಅವಳು ಹೂಂ ಅಂದ ಮೇಲೆ ಉಳಿದವರೂ ನೀನು ಎರಡನೇ ಸಲ ಕಳಿಸಿದ ಪ್ರಿಂಟುಗಳನ್ನು ನೋಡಿ ಹೂಂ ಅಂದರು. ಜೇನಿನವನು ಮಾತ್ರ ಹಲ್ಲಿರುವುದನ್ನೂ ವಾಪಸ್ ಕೊಡುತ್ತಿಲ್ಲ. ಅದನ್ನು ಹೆಂಡತಿಗೆ ಕೊಟ್ಟು, ಹಲ್ಲಿಲ್ಲದ್ದನ್ನು ತಾನು ಇಟ್ಟುಕೊಂಡಿದ್ದಾನೆ.

ನಿನಗೆ ಅಜ್ಜಿಯ ಒಂದು ಅಪ್ಪಣೆ ಇದೆ. "ಇದನ್ನ ಮಾತ್ರ ಕೆರೀಬಾರ್ದು ಅಂತ ಹೇಳು. ಕೆರೆದ್ರೆ ನಾನ್ಯಾರು ಅವಳ್ಯಾರು ಗೊತ್ತಾಗಲ್ಲ."

ಗೋಡೆಯ ಸಂದಿಯ ಮಾತು ಕೇಳುವಾಗ ನನಗೆ ನೀನು ನೆನಪಾದೆ. ಅಪ್ಪ ಹೋದಾಗ ಸ್ಟುಡಿಯೋವನ್ನೂ ಅಮ್ಮನನ್ನೂ ಯಾರಾದರೂ ನೋಡಿಕೊಳ್ಳಲೇಬೇಕಿತ್ತು. "ನಾನಿದ್ದೀನಿ, ನೀನು ಹೋಗು" ಅಂತ ಈ ಮರದ ಕ್ಯಾಮೆರಾವನ್ನು ನನ್ನ ಹೆಗಲಿಗೇರಿಸಿದವನು ನೀನು. ಹೋದವಳಿಗೆ ಹೆಸರು ಬಂತು, ಉಳಿದವನು ಫೋಟೋಗಳ ಮೊಡವೆ ತೆಗೆಯುತ್ತ ಕೂತ. ನನ್ನ ಕಣ್ಣು ಬಿದ್ದ ಪ್ರತಿ ಮುಖದ ಹಿಂದೆ ನೀನಿದ್ದೀಯ, ತಮ್ಮ. ಇಷ್ಟು ವರ್ಷ ನಾನು ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಬೋರ್ಡು ಇಳಿಸಬೇಡ. ನಿನ್ನ ಹೆಂಡತಿ ಕಾರ್ಡು ಹಾಕಿದ್ದಳು. ಅವಳ ಮೇಲೆ ಕೂಗಾಡಿದರೆ ನಾನು ಬೆಟ್ಟ ಇಳಿದು ಬಂದು ನಿನ್ನ ಕಿವಿ ಹಿಂಡುತ್ತೇನೆ.

ಅಕ್ಕ


ಸ್ಟುಡಿಯೋ
ಏಪ್ರಿಲ್ 29

ಅಕ್ಕ,

ನಿನ್ನ ಕಾಗದವನ್ನು ಇವಳು ಗಟ್ಟಿಯಾಗಿ ಓದಿ ಹೇಳಿದಳು, ನನ್ನ ಕನ್ನಡಕ ಒದ್ದೆಯಾಗಿತ್ತು. ಅದಕ್ಕೆ ಉತ್ತರ ಬರೆಯಲು ನನಗೆ ಬರುವುದಿಲ್ಲ. ನನಗೆ ಬರುವುದು ಪ್ರಿಂಟ್ ಹಾಕುವುದು.

ಹಾಕಿದ್ದೇನೆ. ಡಾರ್ಕ್ ರೂಮಿನ ಕೆಂಪು ದೀಪದಲ್ಲಿ ಕಾಗದದ ಮೇಲೆ ಇಬ್ಬರೂ ನಿಧಾನವಾಗಿ ಎದ್ದುಬಂದರು. ಮೊದಲು ಅಕ್ಕ, ಆಮೇಲೆ ತಂಗಿ. ಹೊಳೆಯುವ ಆ ಕೆನ್ನೆ ಕೊನೆಗೆ ಬಂತು. ನಾನು ಎಷ್ಟು ಶ್ರದ್ಧೆಯಿಂದ ಕೆರೆದಿದ್ದೆ ಆ ಕೆನ್ನೆಯನ್ನು! ಒಂದೊಂದು ಗೆರೆಯೂ ಕೈಗೆ ನೆನಪಿದೆ, ಅದಕ್ಕೇ ಅದು ವಾಪಸ್ ಬಂದಾಗ ಗುರುತಿನವರನ್ನು ನೋಡಿದ ಹಾಗಾಯಿತು. ಅಭ್ಯಾಸಬಲದಿಂದ ಪೆನ್ಸಿಲ್ ಚೂಪು ಮಾಡಿಟ್ಟುಕೊಂಡಿದ್ದೆ. ಕೆಳಗಿಟ್ಟೆ. ಮೂಲೆಯಲ್ಲಿ ಒಂದು ಧೂಳಿನ ಚುಕ್ಕೆ ಇತ್ತು, ಅದನ್ನು ಮಾತ್ರ ತೆಗೆದಿದ್ದೇನೆ. ಅದು ನಿನ್ನ ಕ್ಯಾಮೆರಾದ್ದು, ಅವರದ್ದಲ್ಲ. ಕ್ಯಾಮೆರಾ ಒರೆಸುವ ಅಭ್ಯಾಸ ನಿನಗೆ ಅಪ್ಪ ಇದ್ದಾಗಲೂ ಇರಲಿಲ್ಲ.

ಸಂಸ್ಥೆಯವರು ಬಂದು ನೋಡಿದರು. ಬಾಗಿಲಲ್ಲಿ ಇದೇ ಇರಲಿ ಅಂದರು. ಚಿತ್ರ ತೆಗೆದವರು ಯಾರು ಅಂತ ಬರೆಯಬೇಕು ಅಂದರು. ಅಕ್ಕ ಅಂದೆ. ಅಜ್ಜಿಯ ಭುಜಕ್ಕೊರಗಿದ ಚಿತ್ರ ಯಾರದು ಅಂದರು. ಅದೂ ಅಕ್ಕನೇ, ನಾನು ಸ್ವಲ್ಪ ಕೆಡಿಸಿದ್ದೇನೆ ಅಂದೆ.

ಗೋಡೆಗೆ ಚಿತ್ರ ಹಾಕಲು ನೀನು ಇಲ್ಲಿಗೆ ಬರಲೇಬೇಕು. ಮೊದಲು ಪ್ರಿಂಟು ಅಜ್ಜಿಯ ಕೈಗೆ ಹೋಗಬೇಕೆಂಬ ಒಪ್ಪಂದವೂ ಇದೆ. ನೀನು ಇಳಿ, ನಾನು ಹತ್ತುತ್ತೇನೆ. ಮಂಡಿ ಬೇಡ ಅನ್ನುತ್ತಿದೆ, ಇವಳು ಹೋಗು ಅನ್ನುತ್ತಿದ್ದಾಳೆ. ಮಂಡಿಯ ಮಾತು ಈ ಮನೆಯಲ್ಲಿ ಯಾವತ್ತೂ ನಡೆದಿಲ್ಲ.

ತಮ್ಮ


ಬೆಟ್ಟದ ಮೇಲಿಂದ
ಜೂನ್ 3

ಅಕ್ಕ,

ತಲುಪಿದ್ದೇನೆ. ಕೊನೆಯ ಏರಿನಲ್ಲಿ ಜೇನಿನವನು ನನ್ನ ಚೀಲವನ್ನೂ ಅರ್ಧ ನನ್ನನ್ನೂ ಹೊತ್ತುಕೊಂಡು ಬಂದ. ದಾರಿಯುದ್ದಕ್ಕೂ ನಗುತ್ತಲೇ ಇದ್ದ, ಪ್ರತಿ ಸಲವೂ ಮುರಿದ ಹಲ್ಲು ಕಂಡು ನನಗೇ ನಾಚಿಕೆಯಾಯಿತು. ಎಷ್ಟು ಒಪ್ಪುತ್ತದೆ ಅವನಿಗೆ ಆ ಸಂದಿ.

ದಾದಿಯ ಕೋಣೆಗೆ ಜಾಗ ತೋರಿಸಿದರು. ಪ್ರದರ್ಶನ ನಡೆಯುವ ಮೊದಲೇ ಊರವರು ನೆಲ ಸಮ ಮಾಡಿ, ಕಲ್ಲು ಒಟ್ಟಿದ್ದಾರೆ. ಬಾಗಿಲು ದಾರಿಗೆ ಎದುರಾಗಿರಲಿ, ಬಸುರಿಯರು ಸುತ್ತಿಕೊಂಡು ಹೋಗುವುದು ಬೇಡ ಅಂತ ಮಗ್ಗದ ಹೆಂಗಸು ಜಗಳ ಮಾಡಿ ಗೆದ್ದಿದ್ದಾಳೆ.

ತೊರೆಯಜ್ಜಿಗೆ ಪ್ರಿಂಟು ಕೊಟ್ಟೆ. ನೋಡಿ ಪಕ್ಕಕ್ಕಿಟ್ಟು ನನ್ನನ್ನೇ ಹತ್ತಿರಕ್ಕೆ ಕರೆದಳು. ಕೈ ಚಾಚಿ ನನ್ನ ಕೆನ್ನೆ ಸವರಿದಳು. ಅಕ್ಕ, ಅಮ್ಮ ಹೋದ ಮೇಲೆ ಯಾರೂ ಅಲ್ಲಿ ಕೈಯಿಟ್ಟಿರಲಿಲ್ಲ. ನನ್ನ ಹೆಂಡತಿಗೂ ನಾನು ಬಿಟ್ಟಿಲ್ಲ.

"ಇದೆಲ್ಲ ಏನು?" ಅಂದಳು.

"ಸಿಡುಬು ಅಜ್ಜಿ. ಚಿಕ್ಕವನಿದ್ದಾಗ."

"ಉಳಿದ್ಯಲ್ಲ" ಅಂದಳು.

ಅಷ್ಟೇ ಅಂದದ್ದು. ನಾನು ಅದನ್ನು ಆ ಲೆಕ್ಕದಲ್ಲಿ ಯಾವತ್ತೂ ನೋಡಿರಲಿಲ್ಲ.

ಆಮೇಲೆ ಚಾವಡಿಗೆ ಕರೆದುಕೊಂಡು ಹೋದಳು. ಹೊಗೆ ಹಿಡಿದ ನಿನ್ನ ಫೋಟೋದ ಪಕ್ಕ ಹೊಸ ಮೊಳೆ ಹೊಡೆದಿದ್ದರು. "ನಿನ್ನದೆಲ್ಲಿ?" ಅಂದಳು. ಒಪ್ಪಂದ ನನಗೂ ಗೊತ್ತಿತ್ತು, ತಂದಿದ್ದೆ. ಚೀಲದಿಂದ ಆ ಮದುವೆಯ ಕಾಲದ ಫೋಟೋ ತೆಗೆದು ಕೊಟ್ಟೆ. ಅಜ್ಜಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇದ್ಯಾರು? ಉಳೀದೇ ಹೋದ ನಿನ್ನ ಅಣ್ಣನಾ?"

ಹಿರಿಯ ಬಾಯಿಗೆ ಕೈ ಅಡ್ಡ ಹಿಡಿದ. ಜೇನಿನವನಿಗೆ ಅದೂ ಆಗಲಿಲ್ಲ. ನಾನೂ ನಕ್ಕೆ, ಅಕ್ಕ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನೀನು ಇಲ್ಲೇ ಬಿಟ್ಟುಹೋಗಿದ್ದ ಮರದ ಕ್ಯಾಮೆರಾವನ್ನು ಅಂಗಳದಲ್ಲಿ ನಿಲ್ಲಿಸಿದೆ. ಫಿಲ್ಮ್ ತುಂಬಿ, ಬೆಳಕು ನೋಡಿ, ಎದುರಿಗೆ ಹೋಗಿ ಕೂತೆ. ಫೋಟೋ ತೆಗೆಯಲು ಒತ್ತುವ ರಬ್ಬರ್ ಗುಂಡನ್ನು ತೊರೆಯಜ್ಜಿ ತನಗೇ ಬೇಕೆಂದು ಇಸಿದುಕೊಂಡಳು. ನಾನು ಅಭ್ಯಾಸದಂತೆ ಮುಖ ನೆರಳಿಗೆ ತಿರುಗಿಸಿದೆ. "ಈಕಡೆ" ಅಂದಳು. ಬಿಸಿಲಿಗೆ ತಿರುಗಿದೆ. ಒತ್ತಿದಳು.

ಆ ಫಿಲ್ಮ್ ಈ ಡಬ್ಬಿಯಲ್ಲಿದೆ. ಪ್ರದರ್ಶನದ ಕೆಲಸ ಮುಗಿದ ಮೇಲೆ ನೀನೇ ನಮ್ಮ ಡಾರ್ಕ್ ರೂಮಿನಲ್ಲಿ ತೊಳೆದು ಪ್ರಿಂಟ್ ಹಾಕು, ಇಲ್ಲಿ ಮೊಳೆ ಖಾಲಿ ಇದೆ. ಪೆನ್ಸಿಲ್ ಪೆಟ್ಟಿಗೆ ಮೇಜಿನ ಎಡಗಡೆಯ ಖಾನೆಯಲ್ಲಿದೆ. ಅದನ್ನು ತೆಗೆಯಬೇಡ. ನಮ್ಮ ಮನೆಯವರ ಚಿತ್ರ ಅಂದುಕೊಂಡು ಮಾಡು.

ತಮ್ಮ